ತಂಗಡಿ ಬೀಜದ ಪೊಟ್ಟಣ

ನನ್ನ ಕಣ್ಣಿಗೆ ಪೊರೆ ಬಂದಿದೆ, ಮಂಡಿ ಸವೆದಿದೆ, ಹಲ್ಲು ಕಟ್ಟಿಸಿದ್ದೂ ಆಯಿತು. ಮೂಗು ಮಾತ್ರ ಇನ್ನೂ ಹುಡುಗನದೇ. ಕಳೆದ ತಿಂಗಳು ಕಾಲೇಜಿನ ಆ ಕೋಣೆಯ ಬಾಗಿಲು ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು ನೋಡಿ, ನನ್ನ ಮೂಗು ನನ್ನನ್ನು ಬಾಗಿಲಲ್ಲೇ ಬಿಟ್ಟು ಮೂವತ್ತು ವರ್ಷ ಹಿಂದಕ್ಕೆ ಓಡಿತು.

ಅಲ್ಲಿಗೆ ನನ್ನನ್ನು ಕರೆಸಿದ್ದು ಭವ್ಯ ಎಂಬ ಹುಡುಗಿ. ಹಳೇ ಹಾಳೆಗಳ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸ ಅವಳದು. ಅದೆಲ್ಲಿಂದಲೋ ನನ್ನ ನಂಬರು ಹುಡುಕಿ ಫೋನ್ ಮಾಡಿದ್ದಳು.

"ತಾತ, ನೀವು ಮೊದ್ಲು ಹರ್ಬೇರಿಯಮ್ಮಲ್ಲಿ ಕೆಲ್ಸ ಮಾಡ್ತಿದ್ರಂತೆ?"

"ಮಾಡ್ತಿದ್ರಂತೆ ಏನ್ ಬಂತು ಕಣವ್ವ, ನಾನೇ ಹರ್ಬೇರಿಯಂ."

"ಒಂದು ತಂಗಡಿ ಹಾಳೇಲಿ ಬೀಜದ ಪೊಟ್ಟಣ ಬಿಚ್ಚಿದೆ ತಾತ. ಒಳಗೆ ಬೀಜ ಇದೆ, ಸರಿ. ಆದ್ರೆ ಪೊಟ್ಟಣ ಮಾಡಿರೋದು ಯಾರದೋ ಮದುವೆ ಕಾಗದದಲ್ಲಿ."

ನನಗೆ ನಗು ಉಕ್ಕಿ ಕಟ್ಟಿಸಿದ ಹಲ್ಲು ಜಾರಿತ್ತು.

"ತಾತ, ಇದ್ದೀರಾ?"

"ಇದ್ದೀನಿ. ಮೂವತ್ತು ವರ್ಷದಿಂದ ಇದಕ್ಕೇ ಅಂತ ಇದ್ದೀನಿ."

ಗೊತ್ತಿಲ್ಲದವರಿಗೆ ಒಂದು ಮಾತು. ಹರ್ಬೇರಿಯಂ ಅಂದರೆ ಒಣಗಿದ ಗಿಡಗಳ ಮನೆ. ಕಾಡು ಮೇಡಿನಿಂದ ಒಂದು ರೆಂಬೆ ತಂದು, ಹಳೇ ನ್ಯೂಸ್‌ಪೇಪರಿನ ನಡುವೆ ಒತ್ತಿ ಒಣಗಿಸಿ, ಹುಳು ತಿನ್ನದ ಹಾಗೆ ಔಷಧ ಹಚ್ಚಿ, ದಪ್ಪ ಬಿಳಿ ಹಾಳೆಗೆ ಅಂಟಿಸುತ್ತಾರೆ. ಉದುರಿದ ಬೀಜ, ಎಲೆ ಕಳೆದುಹೋಗಬಾರದೆಂದು ಕಾಗದದ ಸಣ್ಣ ಪೊಟ್ಟಣ ಮಾಡಿ ಅದೇ ಹಾಳೆಯ ಮೂಲೆಗೆ ಅಂಟಿಸುತ್ತಾರೆ. ಕೆಳಗೆ ಬಲಗಡೆ ಒಂದು ಚೀಟಿ. ಯಾವ ಗಿಡ, ಎಲ್ಲಿ ಸಿಕ್ಕಿತು, ಯಾವ ದಿನ, ಸಂಗ್ರಹಿಸಿದವರು ಯಾರು. ಒಮ್ಮೆ ಅಂಟಿಸಿದ ಚೀಟಿಯನ್ನು ಬ್ರಹ್ಮ ಬಂದರೂ ಕೀಳುವಂತಿಲ್ಲ, ತಿದ್ದುವಂತಿಲ್ಲ. ತಪ್ಪಿದ್ದರೆ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ, ಸರಿಯಾದದ್ದು ಬರೆದು, ರುಜು ಹಾಕಿ ತಾರೀಖು ಬರೆಯಬೇಕು. ತಪ್ಪು ಮಾಡಿದವನೂ ಇರುತ್ತಾನೆ, ತಪ್ಪು ಹಿಡಿದವನೂ ಇರುತ್ತಾನೆ, ಇಬ್ಬರೂ ಒಂದೇ ಹಾಳೆಯ ಮೇಲೆ, ನೂರಾರು ವರ್ಷ. ಸೇಡು ತೀರಿಸಿಕೊಳ್ಳುವವನಿಗೆ ಇದಕ್ಕಿಂತ ಒಳ್ಳೇ ಜಾಗ ಮೈಸೂರಿನಲ್ಲೇ ಇಲ್ಲ.

ನಾನು ಅಲ್ಲಿ ಅಟೆಂಡರ್ ಆಗಿ ಸೇರಿದವನು. ಕಾಗದದ ಮೇಲೆ ನನ್ನ ಕೆಲಸ ಕಸ ಗುಡಿಸುವುದು, ಕಪಾಟು ಒರೆಸುವುದು. ನಿಜದಲ್ಲಿ ಹತ್ತೊಂಬತ್ತು ವರ್ಷ ಗಿಡ ಹುಡುಕಿ ತಂದವನು ನಾನು, ಒತ್ತಿದವನು ನಾನು, ಅಂಟಿಸಿದವನು ನಾನು. ಚಾಮುಂಡಿ ಬೆಟ್ಟದ ಒಂದೊಂದು ಪೊದೆಯೂ ನನಗೆ ನೆಂಟ. ಸೈಕಲ್ ಮೇಲೆ ಹೋಗುತ್ತಲೇ ರಸ್ತೆಬದಿಯ ಗಿಡದ ಹೆಸರು, ಕುಲ, ಗೋತ್ರ ಹೇಳುತ್ತಿದ್ದೆ. ಆದರೆ ಪ್ರತಿ ಚೀಟಿಯಲ್ಲೂ 'ಸಂಗ್ರಹಿಸಿದವರು' ಎಂಬಲ್ಲಿ ಪ್ರೊಫೆಸರ ಹೆಸರು. ಆ ಚೀಟಿಗಳನ್ನು ಟೈಪ್ ಮಾಡುತ್ತಿದ್ದವನೂ ನಾನೇ. ಅವರ ಹೆಸರು ಹೊಡೆದೂ ಹೊಡೆದೂ ನಮ್ಮ ಟೈಪ್‌ರೈಟರಿನ ಒಂದೆರಡು ಅಕ್ಷರಗಳು ಉಳಿದವಕ್ಕಿಂತ ಬೇಗ ಸವೆದವು.

ಆ ಪ್ರೊಫೆಸರ ಹೆಸರು ಏನು ಅಂತೀರಾ? ಬರೆಯುವುದಿಲ್ಲ. ಹತ್ತೊಂಬತ್ತು ವರ್ಷ ಅವರು ನನ್ನ ಹೆಸರು ಬರೆಯಲಿಲ್ಲ, ಇಲ್ಲಿ ನಾನು ಅವರದು ಬರೆಯುವುದಿಲ್ಲ.

ಹೆಸರಿಲ್ಲದ್ದು ನನಗೆ ದೊಡ್ಡ ನೋವೇನೂ ಆಗಿರಲಿಲ್ಲ, ಆ ಜ್ಯೇಷ್ಠ ಮಾಸದವರೆಗೆ. ಆಗ ಹರ್ಬೇರಿಯಂ ಕೀಪರ್ ಎಂಬ ಹುದ್ದೆ ಬಂತು. ನಾನು ಅರ್ಜಿ ಹಾಕಿದೆ. ಆಯ್ಕೆ ಸಮಿತಿಯವರು ಅದೇ ಕೋಣೆಗೆ ಬಂದು ಕೂತರು. ಪ್ರೊಫೆಸರೂ ಅವರ ಜೊತೆ. ಒಬ್ಬರು ಕೇಳಿದರು, "ಮಾದಯ್ಯ, ನೀನು ಸಂಗ್ರಹಿಸಿದ ಒಂದೇ ಒಂದು ಹಾಳೆ ತೋರಿಸಪ್ಪ, ಸಾಕು."

ಸುತ್ತ ನಾಲ್ಕು ಗೋಡೆ ತುಂಬ ನಾನು ತಂದ ಗಿಡಗಳು. ತೋರಿಸಲು ಒಂದೂ ಇಲ್ಲ. ನಾನು ಪ್ರೊಫೆಸರ ಮುಖ ನೋಡಿದೆ. 'ಇವೆಲ್ಲ ಅವನದೇ' ಎಂದು ಒಂದು ಮಾತು ಅವರು ಹೇಳಿದ್ದರೆ ಮುಗಿದಿತ್ತು. ಅವರು ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸತೊಡಗಿದರು. ಎಡಗಾಜು ಒರೆಸಿದರು, ಬಲಗಾಜು ಒರೆಸಿದರು, ಮತ್ತೆ ಎಡಗಾಜು ಒರೆಸಿದರು. ಸಮಿತಿಯವರು ಎದ್ದು ಹೋಗುವವರೆಗೂ ಆ ಕನ್ನಡಕ ಶುದ್ಧವಾಗಲೇ ಇಲ್ಲ.

ಕೆಲಸ ಅವರ ಷಡ್ಡಕನ ಮಗನಿಗೆ ಹೋಯಿತು. ತಂಗಡಿ ಹೂವಿಗೂ ತೊಗರಿ ಹೂವಿಗೂ ವ್ಯತ್ಯಾಸ ಗೊತ್ತಿಲ್ಲದ ಮಹಾನುಭಾವ. ಅವತ್ತು ಮನೆಗೆ ಬಂದು ನಜರ್‌ಬಾದಿನ ನಮ್ಮ ಓಣಿ ಕೇಳುವ ಹಾಗೆ ಕೂಗಾಡಿದೆ. ನನ್ನ ಹೆಂಡತಿ ಪುಟ್ಟತಾಯಮ್ಮ ಮಹಡಿ ಮೇಲೆ ಹರವಿದ್ದ ಒದ್ದೆ ನ್ಯೂಸ್‌ಪೇಪರುಗಳನ್ನು ಒಟ್ಟುಮಾಡಿಕೊಂಡು ಇಳಿದು ಬಂದಳು. ಗಿಡದ ನೀರು ಹೀರಿದ ಪೇಪರನ್ನು ದಿನಾ ಬಿಸಿಲಿಗೆ ಹಾಕಿ ಒಣಗಿಸುವುದು ಅವಳ ಪಾಲಿನ ಕೆಲಸವಾಗಿತ್ತು.

"ಕೂಗಾಡಿದ್ರೆ ಅವ್ರಿಗೇನು ಕೇಳ್ಸತ್ತಾ? ಅವ್ರ್ ಮನೆ ಎಲ್ಲೋ, ನಮ್ ಮನೆ ಎಲ್ಲೋ. ಏನಾರ ಮಾಡೋದಿದ್ರೆ ತಣ್ಣಗೆ ಕೂತು ಯೋಚ್ನೆ ಮಾಡಿ," ಎಂದಳು.

ತಣ್ಣಗೆ ಕೂತು ಯೋಚನೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವಕಾಶವನ್ನು ಪ್ರೊಫೆಸರೇ ತಂದುಕೊಟ್ಟರು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕರೆದು, "ಮಾದಯ್ಯ, ತಂಗಡಿ ಗಿಡದ ಮೇಲೆ ಒಂದು ಲೇಖನ ಬರೀತಿದ್ದೀನಿ. ಬೆಟ್ಟದ ಮೆಟ್ಟಿಲ ದಾರೀಲಿ ಒಂದೇ ಪೊದೆ ಆರಿಸ್ಕೊ. ಒಂದು ವರ್ಷ, ತಿಂಗಳಿಗೊಂದು ಹಾಳೆ. ಮೊಗ್ಗು, ಹೂವು, ಕಾಯಿ ಯಾವಾಗ ಬರತ್ತೆ ಅಂತ ಗೊತ್ತಾಗ್ಬೇಕು," ಎಂದರು.

"ಯಾವ ದಿನ ತರ್ಲಿ ಸಾರ್?"

"ಯಾವ ದಿನ ಆದ್ರೇನಯ್ಯ? ನೀನೇ ನೋಡ್ಕೊ."

ನೀನೇ ನೋಡ್ಕೊ! ಆ ಎರಡು ಮಾತಿಗೆ ಅವರು ಮುಂದೆ ಎಷ್ಟು ಬೆಲೆ ತೆತ್ತರು ಎಂಬುದೇ ಈ ಕತೆ. ತಂಗಡಿ ನಿಮಗೆ ಗೊತ್ತೇ ಇರುತ್ತದೆ. ಯಾರೂ ನೆಡದೆ, ಯಾರೂ ನೀರು ಹಾಕದೆ, ಕಲ್ಲು ಕೊರಕಲಲ್ಲಿ ಬೆಳೆದು ಮೈತುಂಬ ಅರಿಸಿನ ಬಣ್ಣದ ಹೂ ಬಿಡುವ ಗಿಡ. ದನ ಕೂಡ ಅದಕ್ಕೆ ಬಾಯಿ ಹಾಕುವುದು ಕಡಿಮೆ. ನನ್ನಂಥದ್ದೇ ಗಿಡ.

ನಾನು ಮಾಡಿದ್ದು ಇಷ್ಟೇ. ಪ್ರೊಫೆಸರು ನಾಲ್ಕು ಜನರ ಕಣ್ಣೆದುರು ಬೇರೆ ಎಲ್ಲೋ ಇರುವ ದಿನ ನೋಡಿಯೇ ಬೆಟ್ಟಕ್ಕೆ ಹೋಗುತ್ತಿದ್ದೆ. ಅದೇ ತಾರೀಖನ್ನು ಚೀಟಿಯಲ್ಲಿ ಹೊಡೆಯುತ್ತಿದ್ದೆ. ಸಂಗ್ರಹಿಸಿದವರು ಎಂಬಲ್ಲಿ ಎಂದಿನಂತೆ ಅವರ ಹೆಸರು. ಅವರು ಓದದೆ ರುಜು ಹಾಕುತ್ತಿದ್ದರು. ಆ ದಿನ ಅವರು ಎಲ್ಲಿದ್ದರು ಎಂಬುದಕ್ಕೆ ಅಚ್ಚಾದ ಒಂದು ಕಾಗದ ಸಂಪಾದಿಸಿ, ಅಕ್ಷರ ಒಳಗೆ ಬರುವ ಹಾಗೆ ಮಡಚಿ, ಅದರಲ್ಲೇ ಬೀಜದ ಪೊಟ್ಟಣ ಮಾಡಿ ಹಾಳೆಗೆ ಅಂಟಿಸುತ್ತಿದ್ದೆ. ಹೊರಗಿನಿಂದ ನೋಡಿದರೆ ಖಾಲಿ ಬೆನ್ನು. ಒಳಗೆ ಸಾಕ್ಷಿ. ಪೊಟ್ಟಣ ಬಿಚ್ಚುವವರು ಯಾರು? ಗಿಡ ಗೊತ್ತಿರುವವರು ಬಿಚ್ಚುತ್ತಾರೆ. ಅಂಥವರು ಎಂದೋ ಒಂದು ದಿನ ಬಂದೇ ಬರುತ್ತಾರೆ ಎಂದು ನನಗೆ ನಂಬಿಕೆ ಇತ್ತು.

ಆ ಸಲ ಶ್ರಾವಣ, ಭಾದ್ರಪದ ಎರಡೂ ಜಿಟಿಜಿಟಿ ಮಳೆ. ಪೇಪರು ಒಣಗದೆ ರೆಂಬೆಗಳಿಗೆ ಬೂಷ್ಟು ಹಿಡಿಯುವುದು, ತಂಗಡಿಯ ಸಣ್ಣ ಎಲೆಗಳು ಒಂದೊಂದಾಗಿ ಕಳಚಿಕೊಳ್ಳುವುದು. ಪುಟ್ಟತಾಯಮ್ಮ ಸೌದೆ ಒಲೆಯ ಪಕ್ಕ ಹಗ್ಗ ಕಟ್ಟಿ ಪೇಪರು ಒಣಗಿಸಿದಳು. ದಸರೆಗೆ ಮೋಡ ಹರಿಯಿತು. ಹೂವಿನ ಪ್ರದರ್ಶನಕ್ಕೆ ನಮ್ಮ ಪ್ರೊಫೆಸರು ತೀರ್ಪುಗಾರರು. ಅವರು ಡೇಲಿಯಾ ಹೂವಿನ ಮುಂದೆ ಮೂಗು ಚಾಚಿ ನಿಂತ ಫೋಟೊ ಮಾರನೇ ದಿನದ ಪೇಪರಿನಲ್ಲಿ. ಅವರು ಡೇಲಿಯಾ ಮೂಸುತ್ತಿದ್ದ ಹೊತ್ತಿಗೆ ನಾನು ಮೆಟ್ಟಿಲ ಪಕ್ಕ ತಂಗಡಿ ಕತ್ತರಿಸುತ್ತಿದ್ದೆ. ಬೆನ್ನಿಗೆ ಬಿಳಿ ಕಾಗದ ಅಂಟಿಸಿ ಆ ಫೋಟೊವನ್ನೇ ಮಡಚಿ ಬೀಜ ತುಂಬಿದೆ. ಮೂಗಿನ ಮೇಲೆ ಸರಿಯಾಗಿ ಎರಡು ಬೀಜ ಕೂತವು.

ಕನ್ನಡ ರಾಜ್ಯೋತ್ಸವಕ್ಕೆ ಅವರು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಭಾಷಣ ಮಾಡಿದರು. ಕಾರ್ಮಿಕರ ಸಂಘದವರು ಹಂಚಿದ ಕರಪತ್ರ ನನ್ನ ಪೊಟ್ಟಣವಾಯಿತು. ಮಾಘದಲ್ಲಿ ಮಾತ್ರ ಕಷ್ಟವಾಯಿತು. ಮನುಷ್ಯ ಎಲ್ಲಿಗೂ ಹೋಗಲೊಲ್ಲ, ದಿನಾ ಕೋಣೆಯಲ್ಲೇ. ಆಗ ನಾನೇ ಅಗ್ರಹಾರದ ಒಂದು ಸಣ್ಣ ವಾಚನಾಲಯಕ್ಕೆ ಹೋಗಿ, "ನಮ್ ಸಾಹೇಬ್ರು ನಿಮ್ ವಾರ್ಷಿಕೋತ್ಸವಕ್ಕೆ ಅಧ್ಯಕ್ಷತೆ ವಹಿಸ್ಬೇಕು ಅಂತ ಆಸೆ ಇಟ್ಕೊಂಡವ್ರೆ. ಬಾಯಿ ಬಿಟ್ಟು ಹೇಳೋರಲ್ಲ," ಎಂದೆ. ಅವರಿಗೆ ವಾರ್ಷಿಕೋತ್ಸವ ಮಾಡುವ ಯೋಚನೆಯೇ ಇರಲಿಲ್ಲ. ಆದರೂ ಮಾಡಿದರು! ಕರೆಯೋಲೆ ಅಚ್ಚಾಯಿತು, ಅಧ್ಯಕ್ಷರಿಗೆ ಶಾಲು ಬಂತು, ನನಗೆ ಪೊಟ್ಟಣ ಬಂತು.

ಎಲ್ಲಕ್ಕಿಂತ ದೊಡ್ಡದು ವೈಶಾಖದ್ದು. ಪ್ರೊಫೆಸರ ಒಬ್ಬಳೇ ಮಗಳ ಮದುವೆ. ಛತ್ರದ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವ ಕೆಲಸ ನನಗೆ ಒಪ್ಪಿಸಿದ್ದರು. ಬಿಸಿಲು ಬೆಂಕಿಯಂತಿತ್ತು. ಒಳಗೆ ಗಟ್ಟಿಮೇಳ ಶುರುವಾಗುವುದನ್ನು ಕಾದಿದ್ದು, ಪನ್ನೀರುದಾನಿಯನ್ನು ಪಕ್ಕದವನ ಕೈಗೆ ಕೊಟ್ಟು ಸೈಕಲ್ ಹತ್ತಿದೆ. ಅಲ್ಲಿ ಅವರು ಮಗಳನ್ನು ಧಾರೆ ಎರೆದು ಕೊಡುತ್ತಿದ್ದಾರೆ, ಇಲ್ಲಿ ನಾನು ಬೆಟ್ಟದ ಬುಡದಲ್ಲಿ ಏದುಸಿರು ಬಿಡುತ್ತ ಅವರ ಹೆಸರಿನಲ್ಲಿ ತಂಗಡಿ ಮುರಿಯುತ್ತಿದ್ದೇನೆ. ಊಟದ ಎರಡನೇ ಪಂಕ್ತಿಗೆ ವಾಪಸು ಬಂದೆ.

"ಎಲ್ಲಿ ಹಾಳಾಗ್ ಹೋಗಿದ್ಯಯ್ಯ?" ಎಂದರು ಪ್ರೊಫೆಸರು.

"ಬಾಳೆಲೆ ಸಾಲ್ದು ಅಂದ್ರು ಸಾರ್, ತರಕ್ ಹೋಗಿದ್ದೆ."

"ಭುಜದ ಮೇಲೆ ಏನದು ಹಳದಿ?"

"ಅಕ್ಷತೆ ಸಾರ್."

ತಂಗಡಿಯ ಎಸಳನ್ನು ಅಕ್ಷತೆ ಎಂದು ನಂಬಿದ ಸಸ್ಯಶಾಸ್ತ್ರಜ್ಞನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಎರಡು ಸಲ ಪಾಯಸ ಹಾಕಿಸಿಕೊಂಡೆ.

ಕೊನೆಯದು ಆಷಾಢ. ಆ ತಿಂಗಳು ನನಗೆ ವಿಷಮಶೀತ ಜ್ವರ ಬಂದು ಎಂಟು ದಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿದೆ. ಹನ್ನೊಂದು ಹಾಳೆ ಆಗಿ ಹನ್ನೆರಡನೆಯದು ತಪ್ಪುವುದೇ? ಅಷ್ಟರಲ್ಲಿ ಆಷಾಢ ಶುಕ್ರವಾರ ಬಂತು. ಪುಟ್ಟತಾಯಮ್ಮ ಪ್ರತಿ ವರ್ಷದಂತೆ ಮೆಟ್ಟಿಲು ಹತ್ತಿ ಚಾಮುಂಡಿ ದರ್ಶನಕ್ಕೆ ಹೋಗುವವಳಿದ್ದಳು. ಇಳಿಯುವಾಗ ಗುರುತು ಹೇಳಿದ್ದ ಪೊದೆಯಿಂದ ಒಂದು ರೆಂಬೆ ತಾ ಎಂದೆ. ಪ್ರೊಫೆಸರು ಅವತ್ತು ಬೆಂಗಳೂರಿನ ಸಭೆಯಲ್ಲಿದ್ದರು. ಅದರ ಪಾಂಪ್ಲೆಟ್ ಮನೆಯಲ್ಲಿತ್ತು.

"ಮೇಜಿನ್ ಮೇಲಿರೋ ಪಾಂಪ್ಲೆಟಲ್ಲಿ ಪೊಟ್ಟಣ ಕಟ್ಟು. ಅಕ್ಷರ ಒಳಗಡೆ ಬರ್ಬೇಕು," ಎಂದು ಮಂಚದ ಮೇಲಿಂದಲೇ ಹೇಳಿಕೊಟ್ಟೆ.

"ನಂಗೊತ್ತು ಬುಡಿ," ಎಂದಳು.

ಆ ಜನಜಂಗುಳಿಯಲ್ಲಿ, ಆಷಾಢದ ಗಾಳಿಗೆ ಸೆರಗು ಹಿಡಿದುಕೊಂಡು, ಸಾವಿರ ಮೆಟ್ಟಿಲು ಇಳಿದು, ಹೂವೂ ಕಾಯೂ ಎರಡೂ ಇರುವ ರೆಂಬೆ ತಂದಿದ್ದಳು. ನಾನು ಮನೆಗೆ ಬರುವಷ್ಟರಲ್ಲಿ ಪೇಪರಿನ ನಡುವೆ ಇಟ್ಟು, ಮೇಲೆ ಗುಂಡುಕಲ್ಲು ಹೇರಿ ಒಣಗಿಸಿಯೂ ಬಿಟ್ಟಿದ್ದಳು. ಮಾರನೇ ದಿನ ಪೊಟ್ಟಣವನ್ನೂ ಕಟ್ಟಿ ಕೈಗಿಟ್ಟಳು. ನಾನು ಹಾಗೇ ಅಂಟಿಸಿದೆ. ಹನ್ನೆರಡೂ ಮುಗಿಯಿತು. ಕಪಾಟಿಗೆ ಬೀಗ ಹಾಕಿ, ನಾನು ಕಾಯುತ್ತ ಕೂತೆ. ಪ್ರೊಫೆಸರು ನಿವೃತ್ತರಾದರು. ನಾನೂ ಅಟೆಂಡರ್ ಆಗಿಯೇ ನಿವೃತ್ತನಾದೆ. ಕಾಯುತ್ತಲೇ ಇದ್ದೆ.

ಭವ್ಯಳಿಗೆ ನಾನು ಈ ಕತೆಯನ್ನು ಆ ನುಸಿಗುಳಿಗೆಯ ಕೋಣೆಯಲ್ಲಿ ಕೂತು ಹೇಳಿದೆ, ಹನ್ನೆರಡೂ ನನ್ನದೇ ಎಂದು. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು.

"ತಾತ, ಮುಂದಿನ ವಾರ ಈ ಕಂಪ್ಯೂಟರ್ ಹರ್ಬೇರಿಯಮ್ಮಿನ ಉದ್ಘಾಟನೆ. ಆ ಪ್ರೊಫೆಸರೇ ಮುಖ್ಯ ಅತಿಥಿ. ಮಗಳ ಜೊತೆ ಬರ್ತಾರೆ."

"ಗೊತ್ತು ಕಣವ್ವ. ಪರದೆ ಮೇಲೆ ಮೊದ್ಲು ಯಾವ ಹಾಳೆ ತೋರಿಸ್ತೀಯ?"

"ನೀವು ಹೇಳಿ."

"ವೈಶಾಖದ್ದು. ಮಿಕ್ಕ ಪೊಟ್ಟಣ ಮುಟ್ಬೇಡ. ಅವ್ರ್ ಮುಂದೇನೇ ಬಿಚ್ಚೋಣ."

ಆ ದಿನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮುಂದಿನ ಸಾಲಿನಲ್ಲೇ ಕೂತೆ. ಪಕ್ಕದಲ್ಲಿ ಪುಟ್ಟತಾಯಮ್ಮ, ಮೈಸೂರು ರೇಷ್ಮೆ ಸೀರೆಯಲ್ಲಿ. ನಿನ್ನನ್ನು ಕರೆದಿಲ್ಲವಲ್ಲೇ ಎಂದರೆ, "ನಾನೂ ನೋಡ್ಬೇಕು," ಎಂದು ಹಟ ಹಿಡಿದು ಬಂದಿದ್ದಳು. ಪ್ರೊಫೆಸರು ಕೋಲೂರಿಕೊಂಡು ವೇದಿಕೆ ಹತ್ತಿದರು. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಪರದೆಯ ಮೇಲೆ ತಂಗಡಿ ಹಾಳೆ ಮೂಡಿತು. ಬಣ್ಣ ಸ್ವಲ್ಪ ಮಾಸಿದ್ದರೂ ಎಂಥ ಹಾಳೆ ಅಂತೀರಿ, ಒಂದು ಎಸಳೂ ಉದುರಿಲ್ಲ. ನನ್ನ ಕೈಚಳಕಕ್ಕೆ ನಾನೇ ಮನಸ್ಸಿನಲ್ಲಿ ಚಪ್ಪಾಳೆ ಹೊಡೆದೆ.

"ಈ ರೆಂಬೆ ನನಗೆ ಚೆನ್ನಾಗಿ ನೆನಪಿದೆ," ಎಂದರು ಪ್ರೊಫೆಸರು ಮೈಕಿನಲ್ಲಿ. "ಉರಿಬಿಸಿಲು. ಬೆಟ್ಟದ ಮೆಟ್ಟಿಲ ದಾರಿ. ನಾನೇ ನನ್ನ ಕೈಯಾರೆ ಕತ್ತರಿಸಿದ್ದು."

ಆಹಾ, ನಾನು ಹೇಳಿಕೊಟ್ಟಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಭವ್ಯ ಚೀಟಿಯ ತಾರೀಖನ್ನು ಪರದೆ ತುಂಬ ದೊಡ್ಡದು ಮಾಡಿದಳು. ಅದರ ಪಕ್ಕದಲ್ಲೇ ಬಿಚ್ಚಿದ ಪೊಟ್ಟಣ, ಬೀಜಗಳ ಕೆಳಗೆ ಮದುವೆಯ ಕರೆಯೋಲೆ. ಅದೇ ತಾರೀಖು. ಕೆಳಗೆ ಕನ್ಯಾಪಿತೃಗಳ ಹೆಸರು.

ಮೂರನೇ ಸಾಲಿನಿಂದ ಅವರ ಮಗಳು ಎದ್ದು ನಿಂತಳು. ಅವಳ ತಲೆಯೂ ನರೆತಿದೆ ಈಗ.

"ಅಪ್ಪಾ, ನೀವು ಅವತ್ತು ಬೆಟ್ಟಕ್ಕೆ ಹೋಗಿದ್ರೆ ನನ್ನನ್ನ ಧಾರೆ ಎರೆದು ಕೊಟ್ಟೋರ್ ಯಾರು?"

ಸಭಾಂಗಣ ನಕ್ಕ ನಗುವಿಗೆ ಮೇಲಿನ ಫ್ಯಾನೂ ಅಲುಗಿರಬೇಕು. ಪ್ರೊಫೆಸರು ನನ್ನ ಕಡೆ ನೋಡಿದರು. ನಾನು ಕೈ ಮುಗಿದೆ. ಭುಜದ ಮೇಲಿನ ಅಕ್ಷತೆ ಕೊಡವಿದ ಹಾಗೆ ಅಂಗಿ ಕೊಡವಿದೆ. ಅವರಿಗೆ ಎಲ್ಲ ಅರ್ಥವಾಯಿತು.

ಕಾರ್ಯಕ್ರಮ ಮುಗಿದ ಮೇಲೆ ನಾವೆಲ್ಲ ಹಳೇ ಕೋಣೆಯಲ್ಲಿ ಮೇಜಿನ ಸುತ್ತ ಸೇರಿದೆವು. ಮೇಜಿನ ಮೇಲೆ ಹನ್ನೆರಡು ಹಾಳೆ.

"ಕ್ಷಮಿಸ್ಬಿಡು ಮಾದಯ್ಯ," ಎಂದರು ಪ್ರೊಫೆಸರು.

"ಕ್ಷಮೆ ಈ ಕಪಾಟಲ್ಲಿ ಇಟ್ಟಿಲ್ಲ ಸಾರ್. ಚೀಟಿ ಐತೆ. ಬರೀರಿ."

ಬರೆಸಿದೆ. ಒಂದೊಂದು ಪೊಟ್ಟಣವನ್ನೂ ಭವ್ಯ ಬಿಚ್ಚುವುದು, ಒಳಗಿನ ಕಾಗದವನ್ನು ಪ್ರೊಫೆಸರಿಗೆ ಓದಿ ಹೇಳುವುದು, ಅವರು ಚೀಟಿ ಬರೆಯುವುದು. 'ಸಂಗ್ರಹಿಸಿದವರು ಕೆ. ಮಾದಯ್ಯ.' ಕೆಳಗೆ ಅವರ ರುಜು, ತಾರೀಖು. ಡೇಲಿಯಾ ಮೂಸುವ ಫೋಟೊ ಬಂದಾಗ ಅವರು ಅವಸರದಲ್ಲಿ ಚೀಟಿಯಲ್ಲಿ ಬರೀ 'ಮಾದಯ್ಯ' ಎಂದು ಬರೆದರು.

"ಇನಿಷಿಯಲ್ ಬಿಟ್ರಿ ಸಾರ್. ಇನ್ನೊಂದು ಚೀಟಿ ತಗೊಳ್ಳಿ."

"ಇಲ್ಲೇ ಸೇರಿಸ್ತೀನಯ್ಯ, ಕೈ ನೋಯತ್ತೆ."

"ತಿದ್ದೋ ಹಂಗಿಲ್ಲ ಸಾರ್. ನೀವೇ ಹೇಳ್ಕೊಟ್ಟಿದ್ದು."

ಹೊಸದಾಗಿ ಬರೆದರು. ಹತ್ತೊಂಬತ್ತು ವರ್ಷ ನಾನು ಅವರ ಹೆಸರು ಬರೆದಿದ್ದೆ. ಅವರು ನನ್ನ ಹೆಸರನ್ನು ಹನ್ನೆರಡೇ ಸಲ ಬರೆಯಬೇಕಿತ್ತು. ನನಗೆ ಮರುಕ ಬರಲಿಲ್ಲ. ಬಂತು ಎಂದು ಬರೆದರೆ ಓದುವವರಿಗೆ ನಾನು ಒಳ್ಳೆಯವನಾಗಿ ಕಾಣುತ್ತಿದ್ದೆ, ಆದರೆ ಬರಲಿಲ್ಲ. ಪ್ರತಿ ಚೀಟಿಯನ್ನೂ ಎತ್ತಿ, ಊದಿ, ಮಸಿ ಆರಿಸಿ, ಎರಡೆರಡು ಸಲ ಓದಿಕೊಂಡೆ. ಹನ್ನೊಂದಾಯಿತು. ಉಳಿದದ್ದು ಆಷಾಢದ್ದು.

ಭವ್ಯ ಪೊಟ್ಟಣ ಬಿಚ್ಚಿದಳು. ಹುಬ್ಬು ಗಂಟಿಕ್ಕಿದಳು.

"ಓದವ್ವ, ಬೆಂಗಳೂರಿನ ಸಭೆ ಅಲ್ವಾ?" ಎಂದೆ.

"ಅಲ್ಲ ತಾತ. ಆಸ್ಪತ್ರೆ ಚೀಟಿ. ಕೆ. ಮಾದಯ್ಯ, ಗಂಡಸರ ವಾರ್ಡು, ಒಳರೋಗಿ. ಸೇರಿದ ದಿನ, ಬಿಟ್ಟ ದಿನ ಎರಡೂ ಇದೆ." ಅವಳು ಹಾಳೆಯ ತಾರೀಖು ನೋಡಿದಳು. "ಈ ಗಿಡ ಕಿತ್ತಿರೋ ದಿನ ನೀವು ಆಸ್ಪತ್ರೇಲಿದ್ರಿ."

ನಾನು ಪುಟ್ಟತಾಯಮ್ಮನ ಕಡೆ ತಿರುಗಿದೆ. ಅವಳು ರೇಷ್ಮೆ ಸೆರಗನ್ನು ಸರಿಮಾಡಿಕೊಂಡಳು.

"ನೀವ್ ಹೇಳ್ಕೊಟ್ಟ ವಿದ್ಯೆನೇ ಕಣ್ರೀ. ಮೂವತ್ತು ವರ್ಷ ಆಯ್ತು. ನನ್ ಮುಂದೇನೇ ಹನ್ನೆರಡೂ ನಂದೇ, ಹನ್ನೆರಡೂ ನಂದೇ ಅಂತ ಹೇಳ್ಕಂಡ್ ಬಂದ್ರಿ. ಒಂದಿನಾನಾರ ಆ ಆಷಾಢದ್ದು ನಮ್ಮೋಳ್ ತಂದಿದ್ದು ಅಂತೀರೇನೋ ಅಂತ ಕಾದೆ. ಈಗ್ಲೂ ಹನ್ನೊಂದಾದ್ಮೇಲೆ ಸುಮ್ನಾಗ್ತೀರೇನೋ ಅಂತ ಇಲ್ಲೇ ನಿಂತಿದ್ದೆ."

ನಾನು ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸತೊಡಗಿದೆ. ಎಡಗಾಜು ಒರೆಸಿದೆ, ಬಲಗಾಜು ಒರೆಸಿದೆ. ಎದುರಿಗೆ ಕೂತಿದ್ದ ಪ್ರೊಫೆಸರು ಅದನ್ನೇ ನೋಡುತ್ತಿದ್ದರು. ಅವರ ಬೊಚ್ಚುಬಾಯಿ ಮೆಲ್ಲಗೆ ಅಗಲವಾಯಿತು.

"ಆಮೇಲೆ ಒರೆಸ್ಕೊಳ್ಳಿ," ಎಂದಳು ಹೆಂಡತಿ. "ಮೊದ್ಲು ಬರೀರಿ."

ಪ್ರೊಫೆಸರು ಪೆನ್ನನ್ನು ನನ್ನ ಕೈಗಿಟ್ಟರು. ಬರೆದೆ. 'ಸಂಗ್ರಹಿಸಿದವರು ಪುಟ್ಟತಾಯಮ್ಮ.' ರುಜು ಹಾಕಿದೆ, ತಾರೀಖು ಹಾಕಿದೆ. ಅವಳು ಚೀಟಿಯನ್ನು ಎತ್ತಿ, ನನ್ನಂತೆಯೇ ಊದಿ, ದೂರ ಹಿಡಿದು, ಹತ್ತಿರ ಹಿಡಿದು, ಎರಡು ಸಲ ಓದಿದಳು.

"ನಮ್ಮಪ್ಪನ ಹೆಸ್ರು ಬೋರಯ್ಯ," ಎಂದಳು. "ಇನಿಷಿಯಲ್ ಬಿಟ್ಟಿದ್ದೀರ."

ಹೊಸ ಚೀಟಿಯನ್ನು ನನ್ನ ಮುಂದೆ ಸರಿಸಿದವರು ಪ್ರೊಫೆಸರು.